ತಪ್ಪು ತಟ್ಟೆಯದಲ್ಲ

(ಹೊಸೂರಿನಿಂದ ಬಾಗಲೂರಿನ ಕಡೆ ಹೋಗುವ ದಾರಿಯಲ್ಲಿ ಒಂದು ಗುಲಾಬಿ ಪಾಲಿಹೌಸ್. ಮಾತಾಡುತ್ತಿರುವವರು ಇಬ್ಬರು: ಅದನ್ನು ನಡೆಸುವ ಬೆಳೆಗಾರ್ತಿ, ಮತ್ತು ಬೆಂಗಳೂರಿನಲ್ಲಿ ಕ್ಯಾನ್ಸರ್ ವೈದ್ಯೆಯಾಗಿರುವ ಅವರ ತಂಗಿಯ ಮಗಳು. ಬೆಳೆಗಾರ್ತಿಯ ವಾರಗಿತ್ತಿಗೆ, ವೈದ್ಯೆ ಚಿಕ್ಕಮ್ಮ ಎಂದು ಕರೆಯುವವರಿಗೆ, ಸ್ತನ ಕ್ಯಾನ್ಸರ್ ಎಂದು ಗೊತ್ತಾಗಿ ಚಿಕಿತ್ಸೆ ನಡೆಯುತ್ತಿದೆ.)

ಬೆಳೆಗಾರ್ತಿ: ನೀನು ಡಾಕ್ಟ್ರು, ನೇರವಾಗಿ ಹೇಳಿಬಿಡು ಮಗಾ. ಅವಳಿಗೆ ಇದು ಬಂದದ್ದು ತಿಂದದ್ದರಿಂದಲಾ? ನೋಡೋಕೆ ಬಂದವರೆಲ್ಲ ಒಂದೊಂದು ಹೇಳಿ ಹೋಗ್ತಾರೆ. ಬೇಕರಿ ತಿಂಡಿ ಅಂತಾರೆ, ಬ್ರಾಯ್ಲರ್ ಕೋಳಿ ಅಂತಾರೆ, ಸಕ್ಕರೆ ಅಂತಾರೆ. ನಮ್ಮತ್ತೆ ಅಂತೂ, ಮುದ್ದೆ ಬಿಟ್ಟು ಅನ್ನಕ್ಕೆ ಬಿದ್ದಳು, ಅದಕ್ಕೇ ಹೀಗಾಯ್ತು ಅಂತ ಅವಳ ಎದುರಿಗೇ ಅಂದುಬಿಟ್ರು. ಆಸ್ಪತ್ರೆಯಲ್ಲಿ ಅಳದೆ ಇದ್ದವಳು ಆ ಮಾತಿಗೆ ಅತ್ತಳು.

ವೈದ್ಯೆ: ಹಾಗಾದ್ರೆ ಆ ಮಾತಿಂದಲೇ ಶುರು ಮಾಡೋಣ ದೊಡ್ಡಮ್ಮ. ಒಬ್ಬ ಹೆಂಗಸಿಗೆ ಬಂದ ಸ್ತನ ಕ್ಯಾನ್ಸರ್ ಅವಳು ಉಂಡ ಇಂಥದೇ ಪದಾರ್ಥದಿಂದ ಬಂತು ಅಂತ ಬೆರಳು ಮಾಡಿ ತೋರಿಸೋಕೆ ಯಾವ ಡಾಕ್ಟರಿಗೂ ಆಗಲ್ಲ. ನಮ್ಮ ದೇಶದಲ್ಲಿ 2022ರ ಒಂದೇ ವರ್ಷದಲ್ಲಿ ಸುಮಾರು 1.9 ಲಕ್ಷ ಹೆಂಗಸರಿಗೆ ಹೊಸದಾಗಿ ಈ ಕಾಯಿಲೆ ಬಂತು, 98 ಸಾವಿರದಷ್ಟು ಜನ ತೀರಿಕೊಂಡರು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದ ಅಂದಾಜು. ಅವರಲ್ಲಿ ಮುದ್ದೆ ಉಣ್ಣೋರಿದ್ದಾರೆ, ಅನ್ನ ಉಣ್ಣೋರಿದ್ದಾರೆ, ಮೀನು ತಿನ್ನೋರಿದ್ದಾರೆ, ಈರುಳ್ಳಿಯನ್ನೂ ಮುಟ್ಟದವರಿದ್ದಾರೆ. ಅತ್ತೆ ಹೇಳಿದ ಮಾತಿಗೆ ವೈದ್ಯಶಾಸ್ತ್ರದಲ್ಲಿ ಆಧಾರ ಇಲ್ಲ. ಅದನ್ನ ನಾನೇ ಅವರಿಗೂ ಹೇಳ್ತೀನಿ, ಚಿಕ್ಕಮ್ಮನ ಮುಂದೆಯೇ ಹೇಳ್ತೀನಿ.

ಬೆಳೆಗಾರ್ತಿ: ಹಂಗಂದ್ರೆ ಊಟಕ್ಕೂ ಇದಕ್ಕೂ ಸಂಬಂಧವೇ ಇಲ್ಲವಾ?

ವೈದ್ಯೆ: ಇದೆ. ಜನ ಹುಡುಕೋ ಕಡೆ ಇಲ್ಲ, ಅಷ್ಟೆ. ಬಾಯಿಗೆ ಹೋಗೋದರಲ್ಲಿ ಗಟ್ಟಿ ಪುರಾವೆ ಇರೋದು ಮದ್ಯಕ್ಕೆ. ಬಿಯರ್ರೋ, ವೈನೋ, ಬ್ರಾಂದಿಯೋ, ಹೆಸರು ಯಾವುದಾದರೂ ಒಳಗಿರೋದು ಆಲ್ಕೋಹಾಲೇ. ದಿನಕ್ಕೆ 10 ಗ್ರಾಂ ಆಲ್ಕೋಹಾಲ್, ಅಂದ್ರೆ ಒಂದು ಸಣ್ಣ ಲೋಟ ವೈನಿನಷ್ಟು, ಒಳಗೆ ಹೋದ್ರೆ ಅಪಾಯ ಸುಮಾರು ಶೇ. 7ರಷ್ಟು ಏರುತ್ತೆ. ಆಮೇಲೆ ಮುಟ್ಟು ನಿಂತ ಮೇಲೆ ಏರೋ ಮೈತೂಕ. ಅಂಡಾಶಯ ಸುಮ್ಮನಾದ ಮೇಲೆ ಈಸ್ಟ್ರೋಜನ್ ಮುಖ್ಯವಾಗಿ ತಯಾರಾಗೋದು ಮೈಯ ಕೊಬ್ಬಿನಲ್ಲಿ. ಕೊಬ್ಬು ಜಾಸ್ತಿ ಆದಷ್ಟೂ ಆ ಹಾರ್ಮೋನು ಜಾಸ್ತಿ, ಸ್ತನದ ಜೀವಕೋಶಗಳಿಗೆ ಬೆಳೀರಿ ಅನ್ನೋ ಒತ್ತಾಯವೂ ಜಾಸ್ತಿ. ಮೈ ಬಗ್ಗಿಸಿ ದುಡಿಯೋರಿಗೆ, ದಿನಾ ನಡೆಯೋರಿಗೆ ಅಪಾಯ ಸ್ವಲ್ಪ ಕಡಿಮೆ. ಮಗುವಿಗೆ ಎದೆಹಾಲು ಕೊಟ್ಟವರಿಗೂ ಕಡಿಮೆ. 30 ದೇಶಗಳ 47 ಅಧ್ಯಯನಗಳನ್ನ ಒಟ್ಟು ಸೇರಿಸಿ 2002ರಲ್ಲಿ ಲೆಕ್ಕ ಹಾಕಿದ್ರು: ಹಾಲೂಡಿಸಿದ ಪ್ರತಿ 12 ತಿಂಗಳಿಗೆ ಅಪಾಯ ಶೇ. 4.3ರಷ್ಟು ತಗ್ಗುತ್ತೆ, ಪ್ರತಿ ಹೆರಿಗೆಗೆ ಶೇ. 7ರಷ್ಟು ಬೇರೆ.

ಬೆಳೆಗಾರ್ತಿ: ಅವಳು ಎರಡು ಮಕ್ಕಳಿಗೂ ಎರಡೆರಡು ವರ್ಷ ಹಾಲು ಕೊಟ್ಟವಳು. ಹನಿ ಹೆಂಡ ಮುಟ್ಟಿದವಳಲ್ಲ. ಬೆಳಗಾಗೆದ್ದು ಹೂವು ಕುಯ್ಯೋಕೆ ನಿಂತರೆ ಹನ್ನೊಂದು ಗಂಟೆವರೆಗೂ ಕೂರದವಳು.

ವೈದ್ಯೆ: ಆದ್ರೂ ಬಂತು. ಅಪಾಯ ಕಡಿಮೆ ಅಂದ್ರೆ ಅಪಾಯವೇ ಇಲ್ಲ ಅಂತಲ್ಲ. ಈ ಶೇಕಡಾ ಲೆಕ್ಕಗಳೆಲ್ಲ ಸಾವಿರಾರು ಜನರನ್ನ ಒಟ್ಟಿಗೆ ನೋಡಿದಾಗ ಕಾಣೋವು. ಒಬ್ಬಳ ಮೈಯೊಳಗೆ ಏನಾಯ್ತು ಅಂತ ಅವು ಹೇಳಲ್ಲ. ಹೆಣ್ಣಾಗಿರೋದು, ವಯಸ್ಸಾಗೋದು, ಬೇಗ ಮೈನೆರೆಯೋದು, ತಡವಾಗಿ ಮುಟ್ಟು ನಿಲ್ಲೋದು, ನೂರರಲ್ಲಿ ಐದರಿಂದ ಹತ್ತು ಜನಕ್ಕೆ ತಂದೆ ಅಥವಾ ತಾಯಿ ಕಡೆಯಿಂದ ಬಂದ ಜೀನು, ಇವೆಲ್ಲ ದೊಡ್ಡ ಕಾರಣಗಳು. ಇವುಗಳಲ್ಲಿ ಯಾವುದನ್ನ ಚಿಕ್ಕಮ್ಮ ತಾನಾಗಿ ಆರಿಸಿಕೊಂಡ್ರು?

ಬೆಳೆಗಾರ್ತಿ: ಸರಿ. ರಾಗಿ?

ವೈದ್ಯೆ: ರಾಗಿ ಉಣ್ಣಿ. ನೂರು ಗ್ರಾಂ ರಾಗಿಯಲ್ಲಿ ಹತ್ತಿರ ಹತ್ತಿರ 11 ಗ್ರಾಂ ನಾರಿದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಸಿಗಲ್ಲ. ನಾರು ಜಾಸ್ತಿ ತಿನ್ನೋ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಸ್ವಲ್ಪ ಕಡಿಮೆ ಅಂತ ಅಧ್ಯಯನಗಳು ತೋರಿಸ್ತವೆ, ಶೇ. 8ರ ಸುಮಾರಿಗೆ. ಅವರೆಕಾಳು, ಹುರುಳಿ, ಬಸ್ಸಾರು, ಸೊಪ್ಪು ಎಲ್ಲ ಒಳ್ಳೆಯದೇ. ಸಕ್ಕರೆ ಕಾಯಿಲೆಗೆ, ಹೃದಯಕ್ಕೆ, ಹೊಟ್ಟೆಗೆ ಒಳ್ಳೆಯದು ಅನ್ನೋದಕ್ಕೆ ಇನ್ನೂ ಬಲವಾದ ಕಾರಣ ಇದೆ. ಆದ್ರೆ ರಾಗಿಯನ್ನ ಕ್ಯಾನ್ಸರಿನ ಮದ್ದು ಅಂತ ಪೊಟ್ಟಣ ಕಟ್ಟಿ ಮಾರೋಕೆ ಬಂದವರ ಹತ್ತಿರ ಒಂದು ರೂಪಾಯಿನೂ ಕಳೀಬೇಡಿ.

ಬೆಳೆಗಾರ್ತಿ: ನನಗೆ ಒಂದು ಹೊಳೀತದೆ, ಹೇಳ್ಲಾ? ನಮ್ಮ ತೋಟದಲ್ಲಿ ನುಸಿ ಬರುತ್ತಲ್ಲ, ಅದಕ್ಕೆ ನಾವು ಈಗ ಇನ್ನೊಂದು ನುಸಿ ಬಿಡ್ತೀವಿ. ಒಳ್ಳೆ ನುಸಿ ಕೆಟ್ಟ ನುಸೀನ ತಿನ್ನುತ್ತೆ. ಹಂಗೇ ಮೈಯಲ್ಲೂ ಒಳ್ಳೆ ಊಟ ಹೋಗಿ ಕೆಟ್ಟ ಗಂಟನ್ನ ತಿಂದುಹಾಕಬೇಕು, ಅಲ್ವಾ? ಒಬ್ಬ ಗಿಡಮೂಲಿಕೆ ಮಾರೋನೂ ಹಿಂಗೇ ಹೇಳಿದ.

ವೈದ್ಯೆ: ಆ ಹೋಲಿಕೇನ ದಯವಿಟ್ಟು ಬಿಡಿ ದೊಡ್ಡಮ್ಮ. ಕೇಳೋಕೆ ಚೆನ್ನಾಗಿದೆ, ಅದಕ್ಕೇ ಅದು ಅಪಾಯ. ಆ ಹೋಲಿಕೆ ನಂಬಿ ಆಪರೇಷನ್ ಬಿಟ್ಟು ಕಷಾಯ ಕುಡೀತಾ ಕೂತು, ಗಂಟು ಒಡೆದು ಹುಣ್ಣಾದ ಮೇಲೆ ಬಂದವರನ್ನ ನಾನು ನೋಡಿದೀನಿ. ಊಟ ಗಂಟನ್ನ ತಿನ್ನಲ್ಲ. ಗಂಟನ್ನ ತೆಗೆಯೋದು ಶಸ್ತ್ರಚಿಕಿತ್ಸೆ, ಕಿಮೋ, ರೇಡಿಯೇಶನ್, ಹಾರ್ಮೋನು ಮಾತ್ರೆ. ನಿಮ್ಮ ನುಸಿ ಕಥೆ ಮಾತ್ರ ಪೂರ್ತಿ ಹೇಳಿ. ಅದು ನಿಜವಾಗಿ ಹೇಗೆ ನಡೆಯುತ್ತೆ ಅಂತ ತಿಳ್ಕೊಂಡ್ರೆ, ಮೈಗೂ ತೋಟಕ್ಕೂ ಇರೋ ವ್ಯತ್ಯಾಸ ನಿಮಗೇ ಕಾಣುತ್ತೆ.

ಬೆಳೆಗಾರ್ತಿ: ಬಾ ಇಲ್ಲಿ. ಈ ಎಲೆ ಮೇಲ್ಗಡೆ ನೋಡು, ಸಣ್ಣ ಸಣ್ಣ ಬಿಳಿ ಚುಕ್ಕಿ. ಈಗ ತಿರುಗಿಸು. ಲೆನ್ಸ್ ಹಿಡಿ. ಓಡಾಡ್ತಾ ಇದೆಯಲ್ಲ, ಬೆನ್ನ ಮೇಲೆ ಎರಡು ಕಪ್ಪು ಮಚ್ಚೆ ಇರೋದು, ಅದೇ ಜೇಡ ನುಸಿ. ಇಲ್ಲಿ ಎಲ್ಲರೂ ಮೈಟ್ಸ್ ಅಂತಾರೆ. ಹುಳ ಅಲ್ಲ ಅದು, ಎಂಟು ಕಾಲು, ಜೇಡನ ಜಾತಿ. ಅರ್ಧ ಮಿಲಿಮೀಟರೂ ಇಲ್ಲ. ಎಲೆಯ ಒಂದೊಂದು ಕೋಶಕ್ಕೂ ಬಾಯಿ ಚುಚ್ಚಿ ರಸ ಹೀರುತ್ತೆ. ಒಂದು ಹೆಣ್ಣು ನೂರರ ಹತ್ತಿರ ಮೊಟ್ಟೆ ಇಡುತ್ತೆ. ಗಂಡು ಸಿಗದಿದ್ರೂ ಇಡುತ್ತೆ, ಅವೆಲ್ಲ ಗಂಡಾಗ್ತವೆ. ಮಾರ್ಚ್ ತಿಂಗಳ ಬಿಸಿಲಿಗೆ, ಮೊಟ್ಟೆಯಿಂದ ದೊಡ್ಡದಾಗೋಕೆ ಎಂಟು ಹತ್ತು ದಿನ ಸಾಕು. ಎಲೆ ಕಂಚಿನ ಬಣ್ಣಕ್ಕೆ ತಿರುಗುತ್ತೆ, ಮೊಗ್ಗಿನ ಸುತ್ತ ಬಲೆ ಕಟ್ಟುತ್ತೆ. ಆ ಹೂವನ್ನ ಯಾರು ತಗೋತಾರೆ?

ವೈದ್ಯೆ: ಔಷಧಿ ಹೊಡೀತಿದ್ರಲ್ಲ?

ಬೆಳೆಗಾರ್ತಿ: ಹೊಡೀತಿದ್ದೆವು, ಹೊಡೀತಾನೇ ಇದ್ದೆವು. ಮೊದಲ ಸಲ ಹೊಡೆದಾಗ ತೋಟ ಶುದ್ಧ. ಆಮೇಲೆ ಅದೇ ಔಷಧಿಗೆ ಜಗ್ಗಲ್ಲ. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ತರಬೇತೀಲಿ ಹೇಳಿದ್ರು, ಈ ನುಸಿ ಪ್ರಪಂಚದಲ್ಲಿ 90ಕ್ಕೂ ಹೆಚ್ಚು ಔಷಧಿಗಳನ್ನ ತಾಳಿಕೊಳ್ಳೋದನ್ನ ಕಲಿತಿದೆಯಂತೆ. ಬೇಗ ಬೇಗ ತಲೆಮಾರು ಕಳೀತದೆ, ಒಂದು ಹೊಡೆತಕ್ಕೆ ಉಳಿದವುಗಳ ಮಕ್ಕಳೇ ತೋಟ ತುಂಬ್ತವೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಥ್ರಿಪ್ಸ್ ಹುಳಕ್ಕೆ ಅಂತ ನಾವು ಹೊಡೆದ ಪೈರೆಥ್ರಾಯ್ಡ್ ಔಷಧಿ, ನುಸೀನ ತಿನ್ನೋ ಜೀವಗಳನ್ನ ಸಾಯಿಸಿಬಿಡುತ್ತೆ. ತಿನ್ನೋರಿಲ್ಲ, ನುಸಿಗೆ ಹಬ್ಬ.

ವೈದ್ಯೆ: ಈ ತಿನ್ನೋ ನುಸಿ ಎಲ್ಲಿಂದ ಸಿಕ್ಕಿತು ಮೊದಲಿಗೆ?

ಬೆಳೆಗಾರ್ತಿ: ಅದು ಸೊಗಸಾದ ಕಥೆ. 1958ರಲ್ಲಿ ಚಿಲಿ ದೇಶದಿಂದ ಜರ್ಮನಿಗೆ ಬಂದ ಆರ್ಕಿಡ್ ಗಿಡಗಳ ಮೇಲೆ, ಕಿತ್ತಳೆ ಬಣ್ಣದ, ಪೇರುಹಣ್ಣಿನ ಆಕಾರದ, ಉದ್ದ ಕಾಲಿನ ಒಂದು ನುಸಿ ಕಣ್ಣಿಗೆ ಬಿತ್ತು. ಜೇಡ ನುಸಿ ಬಿಟ್ಟು ಬೇರೇನೂ ತಿನ್ನಲ್ಲ ಅದು. ಅದನ್ನ ಸಾಕಿ ಯೂರೋಪಿನ ಗಾಜಿನಮನೆಗಳಲ್ಲಿ ಬಿಟ್ರು, ಸೌತೆ, ಗುಲಾಬಿ, ಸ್ಟ್ರಾಬೆರಿ ಎಲ್ಲದಕ್ಕೂ. ಫೈಟೋಸಿಯುಲಸ್ ಅಂತ ಹೆಸರು. ಆದ್ರೆ ಅದಕ್ಕೆ ತಂಪು ಬೇಕು, ತೇವ ಬೇಕು. ಬಿಸಿಲು ಕಾದು ಗಾಳಿ ಒಣಗಿದ್ರೆ ಅದರ ಮೊಟ್ಟೆ ಮುರುಟಿಹೋಗುತ್ತೆ. ನಾನು ಬಿಡೋದು ಅದಲ್ಲ. ನಮ್ಮ ನಾಡಿನ ಗಿಡಗಳ ಮೇಲೆ ತಾನಾಗೇ ಇರೋ ಜಾತಿ ಒಂದಿದೆ, ನಿಯೋಸಿಯುಲಸ್ ಲಾಂಗಿಸ್ಪೈನೋಸಸ್ ಅಂತ. ನಮ್ಮ ಸೆಕೆಗೆ ಅದು ಒಗ್ಗಿಕೊಂಡಿದೆ.

ವೈದ್ಯೆ: ಇದನ್ನೆಲ್ಲ ನಮ್ಮ ಕಡೆ ಯಾರು ಓದಿದ್ರು?

ಬೆಳೆಗಾರ್ತಿ: ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಜಿ.ಪಿ. ಚನ್ನಬಸವಣ್ಣ ಅಂತ ಇದ್ರು. ಕಣ್ಣಿಗೇ ಕಾಣದ ಈ ಜೀವಗಳ ಅಧ್ಯಯನವನ್ನ ನಮ್ಮ ದೇಶದಲ್ಲಿ ಕಟ್ಟಿ ನಿಲ್ಲಿಸಿದವರಲ್ಲಿ ಅವರು ದೊಡ್ಡವರು. 1986ರಲ್ಲಿ ನುಸಿ ವಿಜ್ಞಾನಿಗಳ ಅಂತರರಾಷ್ಟ್ರೀಯ ಸಮ್ಮೇಳನ ಬೆಂಗಳೂರಲ್ಲೇ ನಡೀತು. ಹೆಬ್ಬಾಳದಲ್ಲಿ ಕೃಷಿ ಕೀಟಗಳ ರಾಷ್ಟ್ರೀಯ ಸಂಸ್ಥೆ ಇದೆಯಲ್ಲ, ಅವರೂ ಮಿತ್ರಕೀಟಗಳನ್ನ ಸಾಕೋದರಲ್ಲಿ ಹೆಸರಾದವರು. 2010ರಲ್ಲಿ ಪಪ್ಪಾಯಿ ಬಿಳಿ ಹಿಟ್ಟುತಿಗಣೆ ತಮಿಳುನಾಡಿನ ಹಿಪ್ಪುನೇರಳೆ, ಮರಗೆಣಸು ಎಲ್ಲ ನುಂಗ್ತಿತ್ತಲ್ಲ? ಹುಳು ಮೇಯಿಸೋಕೆ ಸೊಪ್ಪಿಲ್ಲ ಅಂತ ರೇಷ್ಮೆಯೋರು ಕಂಗಾಲಾಗಿದ್ರು. ಆಗ ಪೋರ್ಟೊರಿಕೊದಿಂದ ಸಾಸಿವೆಗಿಂತ ಸಣ್ಣ ಕಣಜ ತರಿಸಿ ಬಿಟ್ಟವರು ಅವರೇ. ತಿಗಣೆ ಬಗ್ಗಿತು.

ವೈದ್ಯೆ: ನೀವು ಇಲ್ಲಿ ಹೇಗೆ ಮಾಡ್ತೀರಿ?

ಬೆಳೆಗಾರ್ತಿ: ಬೀನ್ಸ್ ಗಿಡ ಬೆಳೆಸ್ತೀನಿ, ಆ ಮೂಲೇಲಿ, ಬೇರೆ ಬಲೆಮನೆಯಲ್ಲಿ. ಅದಕ್ಕೆ ಬೇಕಂತಲೇ ಜೇಡ ನುಸಿ ಹತ್ತಿಸ್ತೀನಿ. ಎಲೆ ತುಂಬ ನುಸಿ ಆದ ಮೇಲೆ ತಿನ್ನೋ ನುಸಿ ಬಿಡ್ತೀನಿ. ಅವು ಉಂಡು, ಮೊಟ್ಟೆ ಇಟ್ಟು ಹೆಚ್ಚಿಕೊಂಡಾಗ ಆ ಎಲೆಗಳನ್ನೇ ಕಿತ್ತು ತಂದು ಗುಲಾಬಿ ಗಿಡಕ್ಕೆ ಸಿಕ್ಕಿಸ್ತೀನಿ. ಎಲ್ಲಿಗೆ ಗೊತ್ತಾ? ಬಗ್ಗಿಸಿದ ಕಡ್ಡಿಗಳ ಮೇಲೆ. ಪಾಲಿಹೌಸ್ ಗುಲಾಬಿಯಲ್ಲಿ ಬುಡದ ಸೊರಗಿದ ಕಡ್ಡಿಗಳನ್ನ ಕುಯ್ಯದೆ ಪಕ್ಕಕ್ಕೆ ಬಗ್ಗಿಸಿ ಬಿಡ್ತೀವಿ, ಗಿಡಕ್ಕೆ ಅದು ಅಡುಗೆಮನೆ. ಹೂವಿನ ಕಡ್ಡಿ ದಿನಾ ಕುಯ್ದು ಆಚೆ ಹೋಗುತ್ತೆ, ಬಗ್ಗಿಸಿದ ಎಲೆ ಅಲ್ಲೇ ಇರುತ್ತೆ. ನುಸಿ ಹುಟ್ಟೋದೂ ಅಲ್ಲೇ, ತಿನ್ನೋ ನುಸಿ ಸಂಸಾರ ಹೂಡೋದೂ ಅಲ್ಲೇ.

ವೈದ್ಯೆ: ಇಷ್ಟು ದೊಡ್ಡ ತೋಟದಲ್ಲಿ ಅದಕ್ಕೆ ನುಸಿ ಎಲ್ಲಿದೆ ಅಂತ ಹೇಗೆ ಕಾಣುತ್ತೆ?

ಬೆಳೆಗಾರ್ತಿ: ಕಾಣಲ್ಲ. ಅದಕ್ಕೆ ಕಣ್ಣೇ ಇಲ್ಲ. ಗಿಡ ಕರೆಯುತ್ತೆ ಅದನ್ನ. ನುಸಿ ಕಡಿದ ಎಲೆ ಒಂದು ಥರ ವಾಸನೆ ಬಿಡುತ್ತಂತೆ, ನಮ್ಮ ಮೂಗಿಗೆ ಗೊತ್ತಾಗಲ್ಲ. ಆ ವಾಸನೆ ಹಿಡಿದು ತಿನ್ನೋ ನುಸಿ ಬರುತ್ತೆ. ಹಾಲೆಂಡ್ ದೇಶದ ಇಬ್ಬರು, ಸಾಬೆಲಿಸ್ ಮತ್ತು ಡಿಕ್ಕೆ, 1980ರ ದಶಕದಲ್ಲಿ ಬೀನ್ಸ್ ಗಿಡ ಇಟ್ಟುಕೊಂಡೇ ಇದನ್ನ ತೋರಿಸಿದ್ದು. ನಾನು ಅದನ್ನ ಕೇಳಿದ ದಿನದಿಂದ ಗಿಡದ ಮಧ್ಯೆ ನಡೆಯೋವಾಗ ನನಗೆ ಬೇರೆ ಥರ ಅನ್ನಿಸುತ್ತೆ ಮಗಾ. ನಾವು ಸುಮ್ಮನೆ ನಿಂತಿದೆ ಅಂದ್ಕೊಂಡಿರೋ ಗಿಡ, ಬಂದು ಕಾಪಾಡಿ ಅಂತ ಕೂಗ್ತಾ ಇರುತ್ತೆ.

ವೈದ್ಯೆ: ಔಷಧಿ ಪೂರ್ತಿ ಬಿಟ್ಟಿರಾ?

ಬೆಳೆಗಾರ್ತಿ: ಪೂರ್ತಿ ಬಿಟ್ಟೆ ಅಂದ್ರೆ ಸುಳ್ಳಾಗುತ್ತೆ. ಬೂದಿರೋಗ, ಥ್ರಿಪ್ಸ್, ಬೂಷ್ಟು ಇವುಗಳಿಗೆ ಏನಾದ್ರೂ ಹೊಡೀಲೇಬೇಕಾಗುತ್ತೆ. ತಿನ್ನೋ ನುಸೀಗೆ ಕಡಿಮೆ ತೊಂದರೆ ಕೊಡೋದನ್ನ ಆರಿಸಿ, ಬೇಕಾದ ಸಾಲಿಗೆ ಮಾತ್ರ ಹೊಡೀತೀನಿ. ಹೊರದೇಶಕ್ಕೆ ಹೋಗೋ ಪೆಟ್ಟಿಗೇಲಿ ಒಂದು ಜೀವಂತ ಹುಳ ಸಿಕ್ಕರೂ ಆಗಲ್ಲ ಅಂತಾರೆ. ಅದು ಒಳ್ಳೆ ನುಸಿಯೋ ಕೆಟ್ಟ ನುಸಿಯೋ ಅವರು ಕೇಳಲ್ಲ. ಅದಕ್ಕೇ ಫೆಬ್ರವರಿ ಹೂವು ಹೊರಡೋ ಜನವರಿ ಕೊನೆಯಿಂದ ಹೂವಿನ ಕಡ್ಡಿ ಮೇಲೆ ತುಂಬ ಎಚ್ಚರ. ಆದ್ರೂ ನುಸಿಗೆ ಅಂತ ವಾರ ವಾರ ಹೊಡೀತಿದ್ದದ್ದು ನಿಂತಿದೆ. ನಾನು ಲೆನ್ಸ್ ಹಿಡಿದು ಪ್ರತಿ ಸಾಲಿನಲ್ಲೂ ಎಲೆ ತಿರುಗಿಸಿ ಎಣಿಸ್ತೀನಿ, ಬರೆದಿಡ್ತೀನಿ. ಬಿಟ್ಟ ಎರಡು ಮೂರು ವಾರಕ್ಕೆ ಕಣ್ಣಿಗೆ ಕಾಣುತ್ತೆ, ಕೆಲಸ ಆಯ್ತೋ ಇಲ್ಲವೋ ಅಂತ.

ವೈದ್ಯೆ: ನೋಡಿ, ವ್ಯತ್ಯಾಸ ಅಲ್ಲೇ ಇದೆ. ನಿಮಗೆ ಎರಡು ಮೂರು ವಾರ. ಒಂದು ಸಾಲಿಗೆ ನುಸಿ ಬಿಟ್ಟು ಇನ್ನೊಂದಕ್ಕೆ ಬಿಡದೆ, ಎಲೆ ತಿರುಗಿಸಿ ಎಣಿಸಬಹುದು. ಸ್ತನ ಕ್ಯಾನ್ಸರ್ ಮೊದಲ ಕೋಶದಿಂದ ಕೈಗೆ ಸಿಗೋ ಗಂಟಾಗೋಕೆ ಎಷ್ಟೋ ವರ್ಷ ತಗೊಳ್ಳುತ್ತೆ. ಊಟದ ಪರಿಣಾಮ ನೋಡಬೇಕಾದ್ರೆ ಹತ್ತಾರು ಸಾವಿರ ಹೆಂಗಸರು ಹತ್ತಾರು ವರ್ಷ ಹೇಳಿದ ಹಾಗೆ ಉಣ್ಣಬೇಕು. ಅಮೆರಿಕದಲ್ಲಿ ಹಾಗೂ ಮಾಡಿದ್ರು. 1993ರಿಂದ, ಮುಟ್ಟು ನಿಂತ 48,835 ಹೆಂಗಸರು. ಅವರಲ್ಲಿ ಒಂದು ಗುಂಪಿಗೆ ಎಣ್ಣೆ, ಬೆಣ್ಣೆ, ಮಾಂಸದ ಕೊಬ್ಬು ಇಳಿಸಿ ಹಣ್ಣು, ತರಕಾರಿ, ಧಾನ್ಯ ಹೆಚ್ಚಿಸೋಕೆ ಹೇಳಿದ್ರು. ಎಂಟು ವರ್ಷದ ಮೇಲೆ 2006ರಲ್ಲಿ ಲೆಕ್ಕ ಹಾಕಿದಾಗ ಆ ಗುಂಪಿನಲ್ಲಿ ಸ್ತನ ಕ್ಯಾನ್ಸರ್ ಶೇ. 9 ಕಡಿಮೆ ಇತ್ತು. ಅದೂ ಕಾಕತಾಳೀಯ ಅಲ್ಲ ಅಂತ ಹೇಳೋಷ್ಟು ಗಟ್ಟಿಯಾಗಿರಲಿಲ್ಲ. ಇನ್ನೂ ಹತ್ತು ವರ್ಷಕ್ಕೂ ಹೆಚ್ಚು ಅವರನ್ನ ಹಿಂಬಾಲಿಸಿದ ಮೇಲೆ, ಸ್ತನ ಕ್ಯಾನ್ಸರ್ ಬಂದು ತೀರಿಕೊಂಡವರು ಆ ಗುಂಪಿನಲ್ಲಿ ಶೇ. 21 ಕಡಿಮೆ ಅಂತ ಕಂಡಿತು. ಅಷ್ಟು ದೊಡ್ಡ ಪ್ರಯತ್ನಕ್ಕೆ ಸಿಕ್ಕ ಉತ್ತರ ಅಷ್ಟು. ಬಂದವರೆಲ್ಲ ಬಿಸ್ಕತ್ತು ಪೊಟ್ಟಣ ನೋಡಿ ಒಂದು ನಿಮಿಷದಲ್ಲಿ ಕಾರಣ ಹೇಳ್ತಾರಲ್ಲ, ಅದಕ್ಕೆ ನನಗೆ ಸಿಟ್ಟು ಬರೋದು.

ಬೆಳೆಗಾರ್ತಿ: ಊಟ ಬಿಡು. ನಾನು ರಾತ್ರಿ ನಿದ್ದೆಗೆಡೋದು ಬೇರೆ ಮಾತಿಗೆ. ಅವಳು ಈ ಶೆಡ್ಡಿನಲ್ಲೇ ದುಡಿದವಳು. ನಾವು ಹೊಡೆದ ಔಷಧಿ?

ವೈದ್ಯೆ: ಅದನ್ನ ಕೇಳ್ತೀರಿ ಅಂತ ಗೊತ್ತಿತ್ತು. ಅದಕ್ಕೆ ಮೊದಲು ಒಬ್ಬ ಹೆಂಗಸಿನ ಬಗ್ಗೆ ಹೇಳ್ತೀನಿ. ಅಮೆರಿಕದ ರೇಚಲ್ ಕಾರ್ಸನ್. 1962ರಲ್ಲಿ ಕೀಟನಾಶಕಗಳ ಬಗ್ಗೆ ‘ಸೈಲೆಂಟ್ ಸ್ಪ್ರಿಂಗ್’ ಅನ್ನೋ ಪುಸ್ತಕ ಬರೆದವರು. ಆ ಪುಸ್ತಕದಲ್ಲಿ ನಿಮ್ಮ ಜೇಡ ನುಸಿ ಕಥೆ ಇದೆ. 1956ರಲ್ಲಿ ಅಲ್ಲಿನ ಅರಣ್ಯ ಇಲಾಖೆ ಪಶ್ಚಿಮದ ಕಾಡುಗಳ ಮೇಲೆ, ಸುಮಾರು 8,85,000 ಎಕರೆಗೆ, ಮರದ ಮೊಗ್ಗು ತಿನ್ನೋ ಹುಳಕ್ಕೆ ಅಂತ ವಿಮಾನದಿಂದ ಡಿಡಿಟಿ ಸುರಿಸಿತು. ಮುಂದಿನ ಬೇಸಿಗೆಗೆ ದೊಡ್ಡ ಪ್ರದೇಶಗಳಲ್ಲಿ ಮರಗಳು ಕಂದು ಬಣ್ಣಕ್ಕೆ ತಿರುಗಿದ್ವು.

ಬೆಳೆಗಾರ್ತಿ: ನುಸಿ. ತಿನ್ನೋವನ್ನೆಲ್ಲ ಸಾಯಿಸಿದ್ರಲ್ಲ.

ವೈದ್ಯೆ: ಅದೇ. ಡಿಡಿಟಿ ನುಸಿಯನ್ನ ಸರಿಯಾಗಿ ಸಾಯಿಸಲ್ಲ, ಅದರ ಶತ್ರುಗಳನ್ನ ಸಾಯಿಸುತ್ತೆ. ಆ ಪುಸ್ತಕ ಬರೀತಿದ್ದಾಗಲೇ ಕಾರ್ಸನ್ ಅವರಿಗೆ ಸ್ತನ ಕ್ಯಾನ್ಸರ್ ಆಗಿತ್ತು. 1960ರಲ್ಲಿ ಸ್ತನ ತೆಗೆದ್ರು. ಅವರ ಡಾಕ್ಟರು ಮೊದಲಿಗೆ ಅವರಿಗೆ ನಿಜ ಹೇಳಲಿಲ್ಲ. ಗೊತ್ತಾದ ಮೇಲೂ ಅವರು ಅದನ್ನ ಹೊರಗೆ ಬಿಟ್ಟುಕೊಡಲಿಲ್ಲ. ತನ್ನ ಕಾಯಿಲೆಯ ಸಿಟ್ಟಿಗೆ ಬರೆದಳು ಅಂತ ಕಂಪನಿಗಳು ಹೇಳಬಾರದು ಅಂತ. 1964ರ ಏಪ್ರಿಲ್‌ನಲ್ಲಿ ತೀರಿಕೊಂಡ್ರು, 56 ವರ್ಷಕ್ಕೆ. ತನಗೆ ಬಂದದ್ದು ಕೀಟನಾಶಕದಿಂದ ಅಂತ ಸಾಕ್ಷಿ ಮಾಡಿಕೊಳ್ಳಲಿಲ್ಲ. ಆ ಸಂಯಮ ನನಗೆ ದೊಡ್ಡದಾಗಿ ಕಾಣುತ್ತೆ.

ಬೆಳೆಗಾರ್ತಿ: ಡಿಡಿಟಿ ನಾವು ತೋಟಕ್ಕೆ ಹೊಡೀಲಿಲ್ಲ.

ವೈದ್ಯೆ: ಡೈಕೋಫಾಲ್ ಹೊಡೆದಿದ್ರಾ?

ಬೆಳೆಗಾರ್ತಿ: ಹ್ಞೂಂ. ಹಿಂದೆ ನುಸಿಗೆ ಅಂದ್ರೆ ಅದೇ ಕೊಡ್ತಿದ್ರು ಅಂಗಡಿಯೋರು. ಟೊಮ್ಯಾಟೊಗೆ, ಬದನೆಗೆ, ಎಲ್ಲಕ್ಕೂ.

ವೈದ್ಯೆ: ಡೈಕೋಫಾಲ್ ತಯಾರಿಸೋದೇ ಡಿಡಿಟಿಯಿಂದ. ಅದರ ತಮ್ಮ ಇದ್ದ ಹಾಗೆ, ಡಿಡಿಟಿಯ ಅಂಶವೂ ಸ್ವಲ್ಪ ಉಳಿದಿರುತ್ತೆ. ಡಿಡಿಟಿ ನುಸೀನ ಹೆಚ್ಚಿಸಿತು, ಹೆಚ್ಚಿದ ನುಸಿಗೆ ಡಿಡಿಟಿಯಿಂದಲೇ ಮಾಡಿದ ಇನ್ನೊಂದನ್ನ ಮಾರಿದ್ರು. 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಅದನ್ನ ನಿಲ್ಲಿಸಬೇಕು ಅಂತ ಪಟ್ಟಿಗೆ ಸೇರಿಸಿದ್ವು. ನಮ್ಮ ದೇಶ 2023ರಲ್ಲಿ ನಿಷೇಧಿಸಿತು.

ಬೆಳೆಗಾರ್ತಿ: ಅಂದ್ರೆ ಅವಳಿಗೆ...

ವೈದ್ಯೆ: ಇಲ್ಲ, ಆ ಕಡೆ ಹಾರಬೇಡಿ. ಗೊತ್ತಿರೋದನ್ನ ಗೊತ್ತಿರೋಷ್ಟೇ ಹೇಳ್ತೀನಿ. ದೊಡ್ಡವರಾದ ಮೇಲೆ ರಕ್ತದಲ್ಲಿ ಡಿಡಿಟಿ ಅಂಶ ಎಷ್ಟಿದೆ ಅಂತ ಅಳೆದು ಕ್ಯಾನ್ಸರ್ ಬಂದವರನ್ನೂ ಬರದವರನ್ನೂ ಹೋಲಿಸಿ ನೋಡಿದ್ದಾರೆ. ನ್ಯೂಯಾರ್ಕ್ ಹತ್ತಿರದ ಲಾಂಗ್ ಐಲೆಂಡಿನ ದೊಡ್ಡ ಅಧ್ಯಯನದಲ್ಲಿ, 2002ರಲ್ಲಿ, ಸಂಬಂಧ ಕಾಣಲಿಲ್ಲ. ಆದ್ರೆ ಕ್ಯಾಲಿಫೋರ್ನಿಯಾದಲ್ಲಿ 1959ರಿಂದ 67ರವರೆಗೆ ಬಾಣಂತಿಯರಿಂದ ತೆಗೆದು ಶೇಖರಿಸಿಟ್ಟಿದ್ದ ರಕ್ತ ಇತ್ತು. ಅದನ್ನ ಇಟ್ಟುಕೊಂಡು 2007ರಲ್ಲಿ ನೋಡಿದಾಗ, ಡಿಡಿಟಿ ಬಳಕೆ ಶುರುವಾದಾಗ 14 ವರ್ಷದೊಳಗಿದ್ದ ಹುಡುಗಿಯರಲ್ಲಿ, ಮೈಯಲ್ಲಿ ಅದು ಹೆಚ್ಚು ಇದ್ದವರಿಗೆ ಸ್ತನ ಕ್ಯಾನ್ಸರಿನ ಅಪಾಯ ಐದು ಪಟ್ಟು ಇತ್ತು. ಆಗಲೇ ದೊಡ್ಡವರಾಗಿದ್ದವರಲ್ಲಿ ಆ ಏರಿಕೆ ಇರಲಿಲ್ಲ.

ಬೆಳೆಗಾರ್ತಿ: ಹುಡುಗಿಯರಲ್ಲಿ ಮಾತ್ರ.

ವೈದ್ಯೆ: ಸ್ತನ ರೂಪುಗೊಳ್ಳೋ ವಯಸ್ಸು ಅದು. ಹಿರೋಶಿಮಾ, ನಾಗಸಾಕಿಯ ವಿಕಿರಣದಲ್ಲೂ ಹಾಗೇ, ಆಗ ಎಳೆಯ ಹುಡುಗಿಯರಾಗಿದ್ದವರಿಗೇ ಮುಂದೆ ಸ್ತನ ಕ್ಯಾನ್ಸರ್ ಜಾಸ್ತಿ ಬಂತು. ಈಗಿನ ಔಷಧಿಗಳ ಮಾತು ಬೇರೆ. ಅಮೆರಿಕದ ಅಯೋವಾ, ನಾರ್ತ್ ಕ್ಯಾರೊಲೈನಾದಲ್ಲಿ 30 ಸಾವಿರಕ್ಕೂ ಹೆಚ್ಚು ರೈತರ ಹೆಂಡತಿಯರನ್ನ ವರ್ಷಗಟ್ಟಲೆ ನೋಡಿದಾಗ, 2017ರಲ್ಲಿ, ಕ್ಲೋರ್‌ಪೈರಿಫಾಸ್ ಥರದ ಕೆಲವು ಔಷಧಿ ಬಳಸಿದವರಲ್ಲಿ ಅಪಾಯ ಹೆಚ್ಚಿರೋ ಸುಳಿವು ಸಿಕ್ಕಿತು. ಸುಳಿವು ಅಂತಲೇ ಹೇಳ್ತೀನಿ, ತೀರ್ಪು ಅಲ್ಲ. ಚಿಕ್ಕಮ್ಮನಿಗೆ ಇದರಿಂದಲೇ ಬಂತು ಅಂತ ನಾನು ಹೇಳಿದ್ರೆ, ಬಿಸ್ಕತ್ತು ತೋರಿಸಿದವರಿಗೂ ನನಗೂ ಏನು ವ್ಯತ್ಯಾಸ? ಆದ್ರೆ ಒಂದು ಮಾತು ಹೇಳಲೇಬೇಕು. ಬೇಸಿಗೆ ರಜೆಯಲ್ಲಿ ಕೆಲಸಕ್ಕೆ ಬರೋ ಹೆಂಗಸರು ಹೆಣ್ಣುಮಕ್ಕಳನ್ನ ಜೊತೇಲಿ ಕರ್ಕೊಂಡು ಬರ್ತಾರಲ್ಲ, ಹೂವಿನ ಕಟ್ಟು ಕಟ್ಟೋಕೆ. ಅದನ್ನ ನಿಲ್ಲಿಸಿ.

ಬೆಳೆಗಾರ್ತಿ: ನಿಲ್ಲಿಸ್ತೀನಿ. ಈ ರಜೆಯಿಂದಲೇ.

ವೈದ್ಯೆ: ತಿನ್ನೋ ಪದಾರ್ಥಕ್ಕಾದ್ರೆ ಔಷಧಿ ಅಂಶ ಇಷ್ಟು ಮೀರಬಾರದು ಅಂತ ಕಾನೂನಿದೆ. ಹೂವಿಗೆ ಹಾಗೊಂದು ಮಿತಿ ಇಲ್ಲ, ಯೂರೋಪಿನಲ್ಲೂ ಇಲ್ಲ. ಬೆಲ್ಜಿಯಂನಲ್ಲಿ ಅಂಗಡಿಗಳಿಂದ 90 ಹೂಗುಚ್ಛ ತಂದು ಪರೀಕ್ಷಿಸಿದಾಗ ಒಟ್ಟು 107 ಬಗೆಯ ಕೀಟನಾಶಕ, ಶಿಲೀಂಧ್ರನಾಶಕಗಳ ಅಂಶ ಸಿಕ್ಕಿತ್ತು, 2016ರಲ್ಲಿ ಪ್ರಕಟವಾದದ್ದು. ಗುಲಾಬಿಯದೇ ಮೇಲುಗೈ. ಗುಚ್ಛ ಕೊಂಡವರು ಒಂದು ದಿನ ಮೂಸಿ ನೋಡ್ತಾರೆ. ನಿಮ್ಮ ಕೂಲಿಯ ಹೆಂಗಸರ ಕೈ ದಿನಾ ಬೆಳಗ್ಗೆ ಆ ಎಲೆಗಳ ಮಧ್ಯೆಯೇ ಇರುತ್ತೆ. ಕ್ಯಾನ್ಸರ್ ಸಾಬೀತಾಗಲಿ ಅಂತ ಕಾಯಬೇಕಾ? ತಲೆಸುತ್ತು, ವಾಂತಿ, ಕಣ್ಣುರಿ, ಕೈ ತುರಿಕೆ ಇವು ಸಾಬೀತಾಗಿರೋವೇ. ತಿನ್ನೋ ನುಸಿ ಬಿಟ್ಟು ವಾರಕ್ಕೊಂದು ಹೊಡೆತ ಉಳಿಸಿದ್ರೆ, ಅಷ್ಟು ಅವರ ಉಸಿರಿಗೆ ಹೋಗಲ್ಲ. ನನ್ನ ಪಾಲಿಗೆ ನಿಮ್ಮ ಬೀನ್ಸ್ ಗಿಡದ ಕೆಲಸಕ್ಕೆ ಅಷ್ಟೇ ಕಾರಣ ಸಾಕು.

ಬೆಳೆಗಾರ್ತಿ: ಹೊಡೆದ ದಿನ ಒಳಗೆ ಬಿಡಲ್ಲ ಈಗ. ಹೊಡೆಯೋನಿಗೆ ಕೈಗವಸು, ಮಾಸ್ಕು ಕೊಟ್ಟಿದೀನಿ. ಸೆಕೆಗೆ ಅವನು ತೆಗೆದಿಡ್ತಾನೆ, ನಾನು ಬೈದು ಹಾಕಿಸ್ತೀನಿ. ಸರಿ, ಊಟದಿಂದ ಪೂರ್ತಿ ತಡೆಯೋಕಾಗಲ್ಲ, ಔಷಧಿ ಮಾತು ಅರ್ಧ ಗೊತ್ತು. ಹಂಗಾದ್ರೆ ನಮ್ಮ ಕೈಲಿ ಆಗೋದು ಏನು?

ವೈದ್ಯೆ: ಬೇಗ ಕಂಡುಹಿಡಿಯೋದು. ಚಿಕ್ಕಮ್ಮ ಗಂಟು ಸಿಕ್ಕ ಮೇಲೂ ಸುಮ್ಮನಿದ್ದದ್ದು ಯಾಕೆ ಗೊತ್ತಾ? ನೋವಿರಲಿಲ್ಲ. ಶುರುವಿನಲ್ಲಿ ಬಹುಪಾಲು ನೋವಿರಲ್ಲ, ಅದೇ ಮೋಸ. ನಮ್ಮ ದೇಶದಲ್ಲಿ ಬಹಳಷ್ಟು ಹೆಂಗಸರು ಬರೋದೇ ಕಾಯಿಲೆ ಮುಂದುವರಿದ ಮೇಲೆ. ಮುಂಬೈಯಲ್ಲಿ ಟಾಟಾ ಆಸ್ಪತ್ರೆಯವರು 1998ರಲ್ಲಿ ಒಂದು ಕೆಲಸ ಶುರು ಮಾಡಿದ್ರು. ಕೊಳೆಗೇರಿಗಳ 1,51,538 ಹೆಂಗಸರು. ಅರ್ಧ ಜನಕ್ಕೆ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಬರೀ ಕೈಯಿಂದ ಸ್ತನ ಪರೀಕ್ಷೆ ಮಾಡಿದ್ರು. ಮೆಷೀನು ಇಲ್ಲ, ಎಕ್ಸ್‌ರೇ ಇಲ್ಲ. ಇಪ್ಪತ್ತು ವರ್ಷ ಕಾದು 2021ರಲ್ಲಿ ಫಲಿತಾಂಶ ಹೇಳಿದ್ರು. ಪರೀಕ್ಷೆ ಆದವರಲ್ಲಿ ಕಾಯಿಲೆ ಬೇಗನೇ ಸಿಕ್ಕಿತು. 50 ದಾಟಿದವರಲ್ಲಿ ಸಾವು ಹತ್ತಿರ ಹತ್ತಿರ ಶೇ. 30 ಕಡಿಮೆ ಆಗಿತ್ತು. 50ರೊಳಗಿನವರಲ್ಲಿ ಸಾವಿನ ಸಂಖ್ಯೆಯಲ್ಲಿ ವ್ಯತ್ಯಾಸ ಕಾಣಲಿಲ್ಲ, ಅದನ್ನೂ ಹೇಳಬೇಕು. ಆದ್ರೂ ಊಟ ಬದಲಿಸಿ ಸಿಕ್ಕ ಲಾಭದ ಪಕ್ಕ ಇದನ್ನ ಇಟ್ಟು ನೋಡಿ.

ಬೆಳೆಗಾರ್ತಿ: ಬರೀ ಕೈಯಿಂದ!

ವೈದ್ಯೆ: ಬರೀ ಕೈಯಿಂದ. 30 ದಾಟಿದ ಹೆಂಗಸರಿಗೆ ಈ ಪರೀಕ್ಷೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಮನೆ ಬಾಗಿಲಿಗೆ ಬರೋ ಆರೋಗ್ಯ ಸೇವೆ ನಿಮ್ಮ ಜಿಲ್ಲೆಗೆ ಹೊಸದೂ ಅಲ್ಲ. ತಮಿಳುನಾಡು ಸರ್ಕಾರದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ 2021ರ ಆಗಸ್ಟ್ 5ರಂದು ಶುರುವಾದದ್ದೇ ನಿಮ್ಮ ಕೃಷ್ಣಗಿರಿ ಜಿಲ್ಲೆಯ ಸಾಮನಪಲ್ಲಿಯಲ್ಲಿ. ಬಿಪಿ, ಸಕ್ಕರೆ ಮಾತ್ರೆ ಮನೆಗೆ ತರೋ ಆ ಹೆಂಗಸರನ್ನೇ ಕೇಳಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಯಾವ ದಿನ ನೋಡ್ತಾರೆ ಅಂತ. ಗಂಟು ಅನುಮಾನ ಬಂದ್ರೆ ಮುಂದಿನ ದಾರಿ ನನಗೆ ಬಿಡಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ 1973ರಿಂದ ಇದೆ, ನಿಮ್ಮ ಹೊಸೂರು ಬಸ್ಸು ಅದರ ಮುಂದೆಯೇ ಹೋಗುತ್ತೆ.

ಬೆಳೆಗಾರ್ತಿ: ಕರೆದರೆ ಬರ್ತಾರಾ ಇವರು? ಎದೆ ತೋರಿಸಬೇಕು ಅಂದ್ರೆ ನಾಚಿಕೆ. ಅದಕ್ಕಿಂತ, ಒಂದು ದಿನದ ಕೂಲಿ ಹೋಗುತ್ತೆ ಅನ್ನೋದು.

ವೈದ್ಯೆ: ಚಿಕ್ಕಮ್ಮನೇ ಮಾತಾಡಲಿ. ಅವರು ಒಪ್ಪಿದ್ರೆ. ಕಿಮೋ ಮುಗಿದು ಸುಸ್ತು ಇಳಿದ ಮೇಲೆ.

ಬೆಳೆಗಾರ್ತಿ: ಅವಳು ಒಪ್ತಾಳೆ. ಅತ್ತೆಗೆ ಉತ್ತರ ಕೊಡೋಕಾದ್ರೂ ಒಪ್ತಾಳೆ. ಕೂಲಿ ನಾನು ಕೊಡ್ತೀನಿ, ಪರೀಕ್ಷೆಗೆ ಹೋದ ದಿನದ್ದು, ಪೂರ್ತಿ. ಡಿಸೆಂಬರ್ ನಡುವೆ ಕಡ್ಡಿ ಕತ್ತರಿಸ್ತೀವಿ, ಫೆಬ್ರವರಿ ಹೂವಿಗೆ. ಕತ್ತರಿಸಿದ ಮೇಲೆ ಕೆಲವು ವಾರ ಕುಯ್ಲು ಇರಲ್ಲ, ಎಲ್ಲರೂ ಬಿಡುವಾಗಿರ್ತಾರೆ. ಆಗ ಒಂದು ದಿನ ಟೆಂಪೋದಲ್ಲಿ ಎಲ್ಲರನ್ನೂ ಕರ್ಕೊಂಡು ಹೋಗೋಣ. ನೀನೂ ಬಾ.

ವೈದ್ಯೆ: ಬರ್ತೀನಿ. ನೀವೂ ಟೆಂಪೋ ಹತ್ತಬೇಕು ದೊಡ್ಡಮ್ಮ, ಸುಮ್ಮನೆ ಕಳಿಸೋದಲ್ಲ. ನಿಮಗೂ ಐವತ್ತು ದಾಟಿದೆ.

ಬೆಳೆಗಾರ್ತಿ: ನನಗೇನಾಗಿದೆ... ಸರಿ, ಸರಿ. ಹತ್ತುತೀನಿ.